ಸಿಗ್ನಲ್‌ನಲ್ಲಿ ಬಂದ್ ಬೀಳುವ ಎಂಜಿನ್: ಹೊರಗಿನ ಇಸಿಯು ಹಾಕಿದ ಮೇಲೆ ಐಡ್ಲಿಂಗ್ ಕೂರಿಸುವುದು ಹೇಗೆ

ಹಳೆಯ ಎಸ್ಟೀಮ್, ಹಳೆಯ ಜಿಪ್ಸಿ. ಬಾಡಿ ಗಟ್ಟಿ ಇದೆ, ಎಂಜಿನ್ನಿನಲ್ಲಿ ಕಂಪ್ರೆಷನ್ ಇದೆ, ಆದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸತ್ತಿದೆ. ಕಂಪನಿಯದ್ದು ಹೊಸದು ಸಿಗುವುದು ಕಷ್ಟ. ಗುಜರಿಯಿಂದ ತಂದದ್ದು ಎಷ್ಟು ದಿನ ಬಾಳುತ್ತದೋ ಹೇಳಲಾಗದು. ಇಂಥ ಕಾರು ಇಟ್ಟುಕೊಂಡವರು ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆ ಏನಿಲ್ಲ. ಅವರಲ್ಲಿ ಕೆಲವರು ಈಗ ಬೇರೆ ದಾರಿ ಹಿಡಿಯುತ್ತಿದ್ದಾರೆ: ಲ್ಯಾಪ್‌ಟಾಪಿನಿಂದ ಸೆಟ್ ಮಾಡಬಹುದಾದ ಹೊರಗಿನ ಇಸಿಯು ಹಾಕಿಸುವುದು. ಕಾರ್ಬೊರೇಟರ್ ತೆಗೆದು ಇಂಜೆಕ್ಷನ್ ಕೂರಿಸುವವರಿಗೂ ಅದೇ ಬೇಕು.

ಹಾಕಿಸಿದ ಮೇಲೆ ಗಾಡಿ ಓಡುತ್ತದೆ. ಬೆಳಗಾವಿ ಹೆದ್ದಾರಿಯಲ್ಲಿ ಪಿಕಪ್ ಚೆನ್ನಾಗಿದೆ, ನೂರರಲ್ಲೂ ನುಣ್ಣಗೆ ಹೋಗುತ್ತದೆ. ತೊಂದರೆ ಬರುವುದು ಊರೊಳಗೆ ಬಂದು ಹೊಸೂರ ಸರ್ಕಲ್ಲಿನಲ್ಲಿ ಬ್ರೇಕ್ ಹಿಡಿದಾಗ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತೋರಿಸುವ ಮುಳ್ಳು 500ಕ್ಕೆ ಇಳಿದು ಎಂಜಿನ್ ಬಂದ್. ಇಲ್ಲವೇ 700ರಿಂದ 1400ಕ್ಕೆ, ಮತ್ತೆ 700ಕ್ಕೆ, ಗುಂಯ್ ಗುಂಯ್ ಅಂತ ಏರಿಳಿಯುತ್ತಲೇ ಇರುತ್ತದೆ. "ಸ್ಲೋ ನಿಂದ್ರವಲ್ದ್ರಿ ಸರ" ಅನ್ನುತ್ತಾರೆ ಮಿಸ್ತ್ರಿ. ನೂರರಲ್ಲಿ ಸರಿ ಇರುವ ಎಂಜಿನ್ ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಸುಮ್ನೆ ತಿರುಗುವಾಗ, ಯಾಕೆ ಕೆಡುತ್ತದೆ? ಸರಿ ಮಾಡುವಾಗ ಏನೇನು ಮುಟ್ಟಬೇಕು, ಯಾವುದನ್ನು ಮೊದಲು ಮುಟ್ಟಬೇಕು?

ಖಾಲಿ ಪೆಟ್ಟಿಗೆ

ಇಸಿಯು ಮಾಡುವ ಕೆಲಸ ಇಷ್ಟು. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಎಷ್ಟು ಗಾಳಿ ಎಳೆಯುತ್ತಿದೆ, ಎಷ್ಟು ಬಿಸಿಯಾಗಿದೆ ಎಂದು ಸೆನ್ಸರ್‌ಗಳಿಂದ ತಿಳಿದುಕೊಳ್ಳುತ್ತದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು, ಪ್ಲಗ್ಗಿನಲ್ಲಿ ಕಿಡಿ ಯಾವಾಗ ಹಾರಬೇಕು ಎಂದು ಅದರಿಂದ ಲೆಕ್ಕ ಹಾಕುತ್ತದೆ. ಈ ಲೆಕ್ಕಕ್ಕೆ ಬೇಕಾದ ಅಂಕಿಗಳು ಕೋಷ್ಟಕಗಳಲ್ಲಿ ಇರುತ್ತವೆ. ಗ್ಯಾರೇಜಿನ ಮಾತಿನಲ್ಲಿ ಅದೇ ಮ್ಯಾಪ್.

ಕಂಪನಿಯ ಇಸಿಯುನಲ್ಲಿ ಮ್ಯಾಪ್ ತುಂಬಿಸಿ, ಬೀಗ ಹಾಕಿ ಕೊಟ್ಟಿರುತ್ತಾರೆ. ಚಳಿ, ಸೆಕೆ, ಘಾಟು, ಸಮುದ್ರ ತೀರ, ಎಲ್ಲ ಕಡೆ ಗಾಡಿ ಓಡಿಸಿ ತುಂಬಿಸಿದ ಅಂಕಿಗಳವು. ಹೊರಗಿನ ಇಸಿಯುನಲ್ಲಿ ಬೀಗ ಇಲ್ಲ, ಆದರೆ ಅಂಕಿಗಳೂ ಹೆಚ್ಚುಕಡಿಮೆ ಖಾಲಿ. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ 2001ರಲ್ಲಿ ಹೊರತಂದ ಮೆಗಾಸ್ಕ್ವರ್ಟ್, ಆರ್ಡ್ವಿನೊ ಮೆಗಾ ಬೋರ್ಡಿನ ಮೇಲೆ ಕಟ್ಟಿದ ಸ್ಪೀಡ್ವಿನೊ, ಆಸ್ಟ್ರೇಲಿಯಾದ ಹಾಲ್ಟೆಕ್, ನ್ಯೂಜಿಲೆಂಡಿನ ಲಿಂಕ್, ಎಲ್ಲದರಲ್ಲೂ ತತ್ವ ಒಂದೇ. ಬೆಲೆಯಲ್ಲಿ ಅಜಗಜಾಂತರ ಇದೆ, ಐಡ್ಲಿಂಗ್ ಕೂರಿಸುವ ಕ್ರಮದಲ್ಲಿ ಅಷ್ಟೇನೂ ಇಲ್ಲ. ಕೋಷ್ಟಕದ ಆ ಖಾಲಿ ಮನೆಗಳನ್ನು ನಿಮ್ಮ ಎಂಜಿನ್ನಿಗೆ ತಕ್ಕಂತೆ ತುಂಬುವುದೇ ಟ್ಯೂನಿಂಗ್.

ಸುಮ್ನೆ ನಿಲ್ಲುವುದು ಯಾಕೆ ಕಷ್ಟ

ಕಾಲು ಆಕ್ಸಿಲರೇಟರ್ ಮೇಲಿಲ್ಲ, ಗೇರು ನ್ಯೂಟ್ರಲ್. ಈಗ ಎಂಜಿನ್ ಹುಟ್ಟಿಸುವ ಶಕ್ತಿ ತನ್ನದೇ ತಿಕ್ಕಾಟ, ಆಯಿಲ್ ಪಂಪು, ನೀರಿನ ಪಂಪು, ಆಲ್ಟರ್ನೇಟರ್ ಇಷ್ಟಕ್ಕೆ ಸರಿಹೋಗಬೇಕು. ಒಂಚೂರು ಜಾಸ್ತಿಯಾದರೆ ವೇಗ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಓಡುವ ಗಾಡಿಯಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ಇಡೀ ಕಾರಿನ ತೂಕ ಎಂಜಿನ್ನನ್ನು ಹಿಡಿದಿರುತ್ತದೆ, ಜತೆಗೆ ಚಾಲಕನ ಕಾಲು ಸದಾ ತಿದ್ದುತ್ತಿರುತ್ತದೆ.

ಶಾಲೆಯ ಗ್ಯಾದರಿಂಗಿನಲ್ಲಿ ಸ್ಲೋ ಸೈಕಲ್ ರೇಸ್ ಇರುತ್ತಿತ್ತಲ್ಲ, ಅದೇ ಇದು. ಜೋರಾಗಿ ಹೊಡೆಯುವಾಗ ಹ್ಯಾಂಡಲ್ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗುತ್ತದೆ. ನಿಧಾನ ಮಾಡಿದಷ್ಟೂ ಪ್ರತಿ ತಪ್ಪೂ ದೊಡ್ಡದಾಗುತ್ತದೆ. ಹೊಸಬ ಹ್ಯಾಂಡಲ್ಲನ್ನು ಜಾಸ್ತಿ ತಿರುಗಿಸಿ ಆ ಕಡೆ ವಾಲುತ್ತಾನೆ, ಸರಿ ಮಾಡಲು ಹೋಗಿ ಈ ಕಡೆ ವಾಲುತ್ತಾನೆ, ಕಡೆಗೆ ಕಾಲು ಊರುತ್ತಾನೆ. ಪಳಗಿದವನ ಹ್ಯಾಂಡಲ್ ಅಲ್ಲಾಡಿದ್ದು ದೂರದಿಂದ ಕಾಣುವುದೂ ಇಲ್ಲ.

ಎಂಜಿನ್ನಿನಲ್ಲಿ ಇದಕ್ಕೆ ಲೆಕ್ಕ ಇದೆ. ಎಂಜಿನ್ನಿನ ಜತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 3400 ಆರ್‌ಪಿಎಂನಲ್ಲಿ ಇದ್ದ ಶಕ್ತಿಯಲ್ಲಿ 850ಕ್ಕೆ ಬಂದಾಗ ಉಳಿಯುವುದು 16ರಲ್ಲಿ 1 ಭಾಗ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ 850 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 28 ಸ್ಫೋಟ, ಒಂದರಿಂದ ಇನ್ನೊಂದಕ್ಕೆ 35 ಮಿಲಿಸೆಕೆಂಡು ಅಂತರ. ನಡುವೆ ಒಂದು ಸೊರಗಿದರೂ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ.

ಪೆಟ್ರೋಲಿನ ಲೆಕ್ಕ ಇನ್ನೂ ಸೂಕ್ಷ್ಮ. ಇಂಜೆಕ್ಟರಿಗೆ ಕರೆಂಟು ಕೊಟ್ಟ ಕೂಡಲೇ ಅದು ತೆರೆಯುವುದಿಲ್ಲ. ಸುಮಾರು 1 ಮಿಲಿಸೆಕೆಂಡು ತೆರೆಯುವುದಕ್ಕೇ ಹೋಗುತ್ತದೆ. ಇದನ್ನು ಡೆಡ್ ಟೈಮ್ ಅನ್ನುತ್ತಾರೆ. ಐಡ್ಲಿಂಗಿನಲ್ಲಿ ಇಸಿಯು 2.2 ಮಿಲಿಸೆಕೆಂಡು ಕೊಡುತ್ತಿದೆ ಅಂದುಕೊಳ್ಳಿ. ಪೆಟ್ರೋಲ್ ಹರಿಯುವುದು 1.2 ಮಾತ್ರ. ಡೆಡ್ ಟೈಮ್ ಅಂಕಿಯಲ್ಲಿ 0.1ರಷ್ಟು ತಪ್ಪಿದ್ದರೆ ಶೇ 8ರಷ್ಟು ಪೆಟ್ರೋಲ್ ಏರುಪೇರಾಯಿತು. ಅದೇ ತಪ್ಪು ಪೂರ್ತಿ ಆಕ್ಸಿಲರೇಟರ್ ಕೊಟ್ಟು 10 ಮಿಲಿಸೆಕೆಂಡು ತೆರೆದಿರುವಾಗ ಶೇ 1 ಮಾತ್ರ, ಯಾರ ಗಮನಕ್ಕೂ ಬರುವುದಿಲ್ಲ. ಹೆದ್ದಾರಿಯಲ್ಲಿ ನುಣ್ಣಗಿದ್ದ ಗಾಡಿ ಸಿಗ್ನಲ್‌ನಲ್ಲಿ ತಡವರಿಸುವುದರ ಹಿಂದೆ ಎಷ್ಟೋ ಸಲ ಇಷ್ಟೇ ಇರುತ್ತದೆ.

ಗಾಳಿ, ಕಿಡಿ, ಪೆಟ್ರೋಲ್

ಐಡ್ಲಿಂಗ್ ವೇಗ ಹಿಡಿದಿಡಲು ಇಸಿಯು ಕೈಯಲ್ಲಿ ಇರುವುದು ಎರಡು ಹಿಡಿ: ಗಾಳಿ ಮತ್ತು ಕಿಡಿ. ಪೆಟ್ರೋಲ್ ಮೂರನೆಯದ್ದು ಅನ್ನಿಸುತ್ತದೆ, ಆದರೆ ವೇಗ ಏರಿಸಲು ಪೆಟ್ರೋಲ್ ಜಾಸ್ತಿ ಮಾಡುವುದು ದಾರಿಯಲ್ಲ. ಎಷ್ಟು ಗಾಳಿ ಬಂತೋ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹೋಗಬೇಕು, ಅಷ್ಟೇ.

ಮೊದಲು ಗಾಳಿ. ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ತಟ್ಟೆ ಮುಚ್ಚಿದಾಗ ಪಕ್ಕದ ಸಣ್ಣ ದಾರಿಯಲ್ಲಿ ಒಂದಿಷ್ಟು ಗಾಳಿ ಒಳಗೆ ಹೋಗುತ್ತದೆ. ಆ ದಾರಿಗೆ ಒಂದು ವಾಲ್ವ್ ಇರುತ್ತದೆ, ಅದೇ ಐಡಲ್ ವಾಲ್ವ್. ಎರಡು ವೈರಿನದ್ದಾದರೆ ಒಳಗೆ ಕಾಯಿಲ್ ಮತ್ತು ಸ್ಪ್ರಿಂಗು. ಕರೆಂಟನ್ನು ಸೆಕೆಂಡಿಗೆ ಹಲವು ಸಲ ಆನ್-ಆಫ್ ಮಾಡಿ, ಆನ್ ಇರುವ ಪಾಲು ಹೆಚ್ಚುಕಡಿಮೆ ಮಾಡಿದಂತೆ ವಾಲ್ವ್ ತೆರೆದು ಮುಚ್ಚುತ್ತದೆ. ಮೂರು ವೈರಿನದ್ದರಲ್ಲಿ ಸ್ಪ್ರಿಂಗಿನ ಕೆಲಸಕ್ಕೆ ಇನ್ನೊಂದು ಕಾಯಿಲ್ ಇರುತ್ತದೆ. ನಾಲ್ಕು ಅಥವಾ ಆರು ವೈರು ಇದ್ದರೆ ಅದು ಸ್ಟೆಪ್ಪರ್ ಮೋಟಾರ್, ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹಿಂದೆ ಸರಿಯುತ್ತದೆ. ಇದರಲ್ಲಿ ಒಂದು ತೊಡಕಿದೆ. ತಾನು ಎಲ್ಲಿದ್ದೇನೆ ಎಂದು ಸ್ಟೆಪ್ಪರ್ ಇಸಿಯುಗೆ ಹೇಳುವುದಿಲ್ಲ. ಇಸಿಯು ತಾನು ಕೊಟ್ಟ ಮೆಟ್ಟಿಲುಗಳನ್ನು ಎಣಿಸಿ ಅಂದಾಜು ಮಾಡುತ್ತದೆ. ಮೋಟಾರ್ ತಾಳುವುದಕ್ಕಿಂತ ಬೇಗ ಬೇಗ ಮೆಟ್ಟಿಲು ಕೊಟ್ಟರೆ ಅದು ನಡುವೆ ಕೆಲವನ್ನು ನುಂಗುತ್ತದೆ. ಇಸಿಯು ಲೆಕ್ಕದಲ್ಲಿ ವಾಲ್ವ್ 40ರಲ್ಲಿದೆ, ನಿಜವಾಗಿ 25ರಲ್ಲಿದೆ. ಬೆಳಿಗ್ಗೆ ಸರಿ ಇದ್ದ ಐಡ್ಲಿಂಗ್ ಸಂಜೆಗೆ ಕೆಟ್ಟಿತು ಅನ್ನುವ ದೂರಿಗೆ ಇದೂ ಒಂದು ಕಾರಣ.

ಗಾಳಿಯಿಂದ ಶಕ್ತಿ ಬಹಳ ಸಿಗುತ್ತದೆ, ಆದರೆ ತಡವಾಗಿ. ವಾಲ್ವ್ ತೆರೆದ ಮೇಲೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ, ಅಂದರೆ ಮ್ಯಾನಿಫೋಲ್ಡ್, ತುಂಬಬೇಕು, ಆಮೇಲೆ ಸಿಲಿಂಡರಿಗೆ ಹೋಗಬೇಕು, ಆಮೇಲೆ ಉರಿಯಬೇಕು.

ಕಿಡಿ ಇದಕ್ಕೆ ಉಲ್ಟಾ. ಮುಂದಿನ ಸಿಲಿಂಡರಿನಲ್ಲೇ ಪರಿಣಾಮ ಕಾಣುತ್ತದೆ, ಆದರೆ ಕೊಡುವ ಶಕ್ತಿ ಸಣ್ಣದು. ಪಿಸ್ಟನ್ ಮೇಲೆ ಮುಟ್ಟುವ ಮುಂಚೆ ಎಷ್ಟು ಡಿಗ್ರಿಯಲ್ಲಿ ಕಿಡಿ ಹಾರುತ್ತದೆ ಎನ್ನುವುದು ಟೈಮಿಂಗ್. ಐಡ್ಲಿಂಗಿನಲ್ಲಿ ಅತಿ ಹೆಚ್ಚು ಶಕ್ತಿ ಸಿಗುವುದು ಸಾಮಾನ್ಯವಾಗಿ 25-30 ಡಿಗ್ರಿ ಆಸುಪಾಸಿನಲ್ಲಿ. ಆದರೆ ಅಲ್ಲಿ ಇಡುವುದಿಲ್ಲ. 10ರಿಂದ 15 ಡಿಗ್ರಿಯಲ್ಲಿ ಇಟ್ಟು ಒಂದಿಷ್ಟು ಶಕ್ತಿಯನ್ನು ಕೈಯಲ್ಲಿ ಉಳಿಸಿಕೊಳ್ಳುತ್ತಾರೆ. ವೇಗ ಇಳಿದರೆ ಟೈಮಿಂಗ್ ಏರಿಸಿ ಆ ಉಳಿಕೆ ಬಳಸಬಹುದು, ಏರಿದರೆ ಟೈಮಿಂಗ್ ಇಳಿಸಬಹುದು. ಮೊದಲೇ 28 ಡಿಗ್ರಿಯಲ್ಲಿ ಇಟ್ಟುಬಿಟ್ಟರೆ ಏರಿಸಿ ಏನು ಸಿಗುತ್ತದೆ? ಏನೂ ಇಲ್ಲ.

ಲ್ಯಾಪ್‌ಟಾಪ್ ತೆರೆಯುವ ಮುಂಚೆ

ಹೊರಗಿನ ಇಸಿಯು ಹಾಕಿದ ಮೇಲೆ ಎಲ್ಲ ತಪ್ಪೂ ಅದರದ್ದೇ ಅನ್ನಿಸುತ್ತದೆ. ಹಾಗಲ್ಲ. ಲೆಕ್ಕಕ್ಕೆ ಬಾರದ ಗಾಳಿ ಎಲ್ಲಿಂದಲೋ ನುಗ್ಗುತ್ತಿದ್ದರೆ ಯಾವ ಮ್ಯಾಪೂ ಉಪಯೋಗಕ್ಕೆ ಬರುವುದಿಲ್ಲ. ಬ್ರೇಕ್ ಬೂಸ್ಟರ್ ಪೈಪು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಕೆಳಗಿನ ರಬ್ಬರ್ ರಿಂಗು, ಮುಚ್ಚದೆ ಬಿಟ್ಟ ಹಳೆಯ ವ್ಯಾಕ್ಯೂಮ್ ನಿಪ್ಪಲ್, ಇವನ್ನು ಒಂದೊಂದಾಗಿ ನೋಡಬೇಕು. ಹೊಗೆ ಬಿಟ್ಟು ನೋಡುವ ಯಂತ್ರ ಇದ್ದರೆ ಒಳ್ಳೆಯದು. ಕ್ಲೀನರ್ ಸ್ಪ್ರೇ ಹೊಡೆದು ನೋಡುವ ರೂಢಿ ಇದೆ, ಆದರೆ ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ.

ಥ್ರಾಟಲ್ ಬಾಡಿಯ ಕರಿ ತೆಗೆಯಬೇಕು. ಕೇಬಲ್ ಬಿಗಿಯಾಗಿ ತಟ್ಟೆಯನ್ನು ಎಳೆದು ಹಿಡಿದಿಲ್ಲ ತಾನೆ ಅಂತ ನೋಡಬೇಕು. ಟೈಮಿಂಗ್ ಲೈಟ್ ಹಿಡಿದು, ಸ್ಕ್ರೀನಿನಲ್ಲಿ 12 ಡಿಗ್ರಿ ಇದ್ದರೆ ಪುಲ್ಲಿಯ ಮೇಲೂ 12 ಇದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಇದನ್ನು ಬಿಟ್ಟು ಮುಂದೆ ಹೋದವರ ಉಳಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ನೀರಿನ ಟೆಂಪರೇಚರ್ ಸೆನ್ಸರ್ ತೋರಿಸುವುದು ನಿಜವೇ, ಎಂಜಿನ್ನಿನ ಅರ್ತಿಂಗ್ ಗಟ್ಟಿ ಇದೆಯೇ, ಚಾರ್ಜಿಂಗ್ 13.8ರಿಂದ 14.4 ವೋಲ್ಟ್ ಒಳಗೆ ಇದೆಯೇ, ಇವೂ ಬೇಕು.

ಮೊದಲು ಎಲ್ಲ ತಿದ್ದುಪಡಿ ಆಫ್

ಹೆಚ್ಚಿನವರು ಎಡವುವುದು ಇಲ್ಲಿ. ಐಡ್ಲಿಂಗ್ ಸರಿ ಇಲ್ಲ ಅಂದ ಕೂಡಲೇ ಸಾಫ್ಟ್‌ವೇರಿನ ಐಡಲ್ ಕಂಟ್ರೋಲ್ ಪುಟ ತೆರೆದು ಅಲ್ಲಿನ ಅಂಕಿಗಳನ್ನು ಏರಿಸಿ ಇಳಿಸಿ ಮಾಡುತ್ತಾರೆ. ಮಾಡಬೇಕಾದ್ದು ಅದಕ್ಕೆ ವಿರುದ್ಧ. ತಿದ್ದುವ ವ್ಯವಸ್ಥೆಯನ್ನೇ ಪೂರ್ತಿ ಆಫ್ ಮಾಡಿ, ಯಾರೂ ತಿದ್ದದೆ ಎಂಜಿನ್ ತಾನಾಗಿ ನಿಲ್ಲುವಂತೆ ಮಾಡಬೇಕು. ಆಮೇಲೆ ತಿದ್ದುಪಡಿ ಆನ್ ಮಾಡಿದರೆ ಅದಕ್ಕೆ ಉಳಿಯುವ ಕೆಲಸ ಬಹಳ ಕಡಿಮೆ.

ಎಂಜಿನ್ 85-90 ಡಿಗ್ರಿಗೆ ಬಿಸಿಯಾಗಲಿ. ಐಡಲ್ ವಾಲ್ವಿನ ತಿದ್ದುಪಡಿ, ಕಿಡಿಯ ತಿದ್ದುಪಡಿ, ಆಕ್ಸಿಜನ್ ಸೆನ್ಸರ್ ನೋಡಿ ಪೆಟ್ರೋಲ್ ತಿದ್ದುವುದು, ಮೂರೂ ಬಂದ್. ಟೈಮಿಂಗನ್ನು 12 ಡಿಗ್ರಿಗೆ ಕಟ್ಟಿಹಾಕಿ. ವಾಲ್ವನ್ನು ಮೂರನೇ ಒಂದು ಭಾಗದಷ್ಟು ತೆರೆದು ಅಲ್ಲೇ ನಿಲ್ಲಿಸಿ. ಈಗ ಥ್ರಾಟಲ್ ಸ್ಕ್ರೂ ತಿರುಗಿಸಿ ಬೇಕಾದ ವೇಗಕ್ಕೆ, ಸಾಮಾನ್ಯ ಎಂಜಿನ್ನಿಗೆ 850ರ ಹತ್ತಿರಕ್ಕೆ ತನ್ನಿ. ಬೇರೆ ಕ್ಯಾಮ್‌ಶಾಫ್ಟ್ ಹಾಕಿಸಿದ್ದರೆ 950-1000 ಬೇಕಾಗಬಹುದು. ವಾಲ್ವ್ ಮೂರನೇ ಒಂದರಲ್ಲಿ ಇದ್ದರೆ ಏರಲೂ ಇಳಿಯಲೂ ಜಾಗ ಉಳಿಯಿತು. ಸ್ಕ್ರೂ ಮುಟ್ಟಿದ್ದರಿಂದ ಥ್ರಾಟಲ್ ಸೆನ್ಸರಿನ ಸೊನ್ನೆ ಬದಲಾಗಿರುತ್ತದೆ, ಅದನ್ನು ಮತ್ತೆ ಕಲಿಸುವುದನ್ನು ಮರೆಯಬೇಡಿ. ಕಾಲು ತೆಗೆದರೂ ಇಸಿಯುಗೆ ಶೇ 2 ತೆರೆದಂತೆ ಕಂಡರೆ ಅದು ಐಡ್ಲಿಂಗ್ ಸ್ಥಿತಿಗೆ ಬರುವುದೇ ಇಲ್ಲ.

ಈಗ ಪೆಟ್ರೋಲ್. ಸೈಲೆನ್ಸರ್ ಪೈಪಿನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಇರಬೇಕು. ಅದು ಕೊಡುವ ಅಂಕಿ ಲ್ಯಾಂಬ್ಡಾ. 1 ಅಂದರೆ ಗಾಳಿಗೆ ಸರಿಯಾದಷ್ಟು ಪೆಟ್ರೋಲ್, 1ಕ್ಕಿಂತ ಜಾಸ್ತಿ ಇದ್ದರೆ ಪೆಟ್ರೋಲ್ ಕಡಿಮೆ, 1ಕ್ಕಿಂತ ಕಡಿಮೆ ಇದ್ದರೆ ಪೆಟ್ರೋಲ್ ಜಾಸ್ತಿ. ಐಡ್ಲಿಂಗಿಗೆ 0.95ರಿಂದ 1ರ ನಡುವೆ ತಂದರೆ ಎಂಜಿನ್ ಸಾಮಾನ್ಯವಾಗಿ ನೆಮ್ಮದಿಯಾಗಿರುತ್ತದೆ. 1ರ ಮೇಲೆ ಹೋದಷ್ಟೂ ತಡವರಿಕೆ ಜಾಸ್ತಿ.

ನಿಂತ ಜಾಗದ ಒಂದು ಮನೆ ಸರಿ ಮಾಡಿದರೆ ಸಾಲದು. ಹೆಡ್‌ಲೈಟ್ ಹಾಕಿದಾಗ ವೇಗ 850ರಿಂದ 700ಕ್ಕೆ ಇಳಿಯಿತು ಅಂದುಕೊಳ್ಳಿ. ವೇಗ ಇಳಿದರೆ ಎಂಜಿನ್ ಎಳೆಯುವ ಗಾಳಿ ಕಡಿಮೆ, ಮ್ಯಾನಿಫೋಲ್ಡಿನ ಒತ್ತಡ ಏರುತ್ತದೆ. ಅಂದರೆ ಮ್ಯಾಪಿನಲ್ಲಿ ಎಂಜಿನ್ ಬೇರೆ ಮನೆಗೆ ಸರಿಯಿತು. ಆ ಮನೆಯಲ್ಲಿ ಪೆಟ್ರೋಲ್ ಕಡಿಮೆ ಬರೆದಿದ್ದರೆ ಮುಗ್ಗರಿಸಿ ಇನ್ನೂ ಕೆಳಗೆ ಹೋಗುತ್ತದೆ, ಬಂದ್. ಹಾಗಾಗಿ 500ರಿಂದ 1200 ಆರ್‌ಪಿಎಂ ತನಕ, ಮ್ಯಾನಿಫೋಲ್ಡ್ ಒತ್ತಡ 30ರಿಂದ 60 ಕಿಲೊಪ್ಯಾಸ್ಕಲ್ ತನಕ ಇರುವ ಮನೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡಿರಬೇಕು, ತಗ್ಗು ದಿಬ್ಬ ಇರಬಾರದು. ವಾಲ್ವನ್ನು ಕೈಯಾರೆ ಸ್ವಲ್ಪ ಮುಚ್ಚಿ, ಸ್ವಲ್ಪ ತೆರೆದು, ಲೈಟು ಫ್ಯಾನು ಹಾಕಿ, ಎಂಜಿನ್ನನ್ನು ಆ ಮನೆಗಳಿಗೆಲ್ಲ ಎಳೆದುಕೊಂಡು ಹೋಗಿ ಲ್ಯಾಂಬ್ಡಾ ನೋಡಬೇಕು. ಬೇಜಾರಿನ ಕೆಲಸ. ಆದರೆ ಇಡೀ ಟ್ಯೂನಿಂಗಿನಲ್ಲಿ ಹೆಚ್ಚು ಫಲ ಕೊಡುವುದು ಇದೇ.

ಹೆಡ್‌ಲೈಟ್ ಹಾಕಿದಾಗ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ವೋಲ್ಟೇಜ್ ಇಳಿದರೆ ಇಂಜೆಕ್ಟರ್ ತೆರೆಯಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಡೆಡ್ ಟೈಮ್ ಕೋಷ್ಟಕ ಸರಿ ಇದ್ದರೆ ಇಸಿಯು ಅಷ್ಟನ್ನು ಸೇರಿಸಿಕೊಡುತ್ತದೆ, ಲ್ಯಾಂಬ್ಡಾ ಅಲ್ಲಾಡುವುದಿಲ್ಲ. ಲೈಟ್ ಹಾಕಿದ ಕೂಡಲೇ ಲ್ಯಾಂಬ್ಡಾ 1.08ಕ್ಕೆ ಏರಿತೋ, ಆ ಕೋಷ್ಟಕ ತಪ್ಪಾಗಿದೆ. ಪೆಟ್ರೋಲ್ ಮ್ಯಾಪ್ ತಿದ್ದಿ ಅದನ್ನು ಮುಚ್ಚಲು ಹೋಗಬಾರದು.

ಇ20 ಪೆಟ್ರೋಲ್ ಮತ್ತು ನಮ್ಮ ಎತ್ತರ

ಬಂಕಿನಲ್ಲಿ ಈಗ ಸಿಗುವುದು ಶೇ 20ರ ತನಕ ಎಥೆನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಿದ್ದರೆ ಇದಕ್ಕೆ ಸುಮಾರು 13.6 ಸಾಕು. ಅಂದರೆ ಅಷ್ಟೇ ಗಾಳಿಗೆ ಶೇ 7-8ರಷ್ಟು ಪೆಟ್ರೋಲ್ ಜಾಸ್ತಿ ಬೇಕು. ಎಲ್ಲಿಂದಲೋ ತಂದ ವಿದೇಶದ ಮ್ಯಾಪ್ ಹಾಕಿದ ಗಾಡಿ ಇಲ್ಲಿ ಪೆಟ್ರೋಲ್ ಸಾಲದೆ ತಡವರಿಸಲು ಇಷ್ಟೇ ಸಾಕು. ಮೀಟರಿನಲ್ಲಿ 14.7, 13.6 ಎಂದು ತಲೆ ಕೆಡಿಸಿಕೊಳ್ಳುವ ಬದಲು ಲ್ಯಾಂಬ್ಡಾದಲ್ಲೇ ಓದಿ. ವೈಡ್‌ಬ್ಯಾಂಡ್ ನಿಜವಾಗಿ ಅಳೆಯುವುದು ಲ್ಯಾಂಬ್ಡಾವನ್ನೇ, ಮೀಟರ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ ಅಷ್ಟೇ. ಯಾವ ಪೆಟ್ರೋಲ್ ಇದ್ದರೂ ಲ್ಯಾಂಬ್ಡಾ 1 ಅಂದರೆ 1.

ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ಧಾರವಾಡ ಇನ್ನೂ ಸ್ವಲ್ಪ ಎತ್ತರ. ಇಲ್ಲಿ ಹೊರಗಿನ ಗಾಳಿಯ ಒತ್ತಡ 94 ಕಿಲೊಪ್ಯಾಸ್ಕಲ್ ಆಸುಪಾಸು, ಕಾರವಾರದಲ್ಲಿ 101. ಅದೇ ಸಂದಿಯಲ್ಲಿ ಇಲ್ಲಿ ಒಳಗೆ ಹೋಗುವ ಗಾಳಿ ಶೇ 7ರಷ್ಟು ಕಡಿಮೆ. ಇಲ್ಲಿ ಸೆಟ್ ಮಾಡಿದ ಗಾಡಿ ಕರಾವಳಿಗೆ ಇಳಿದಾಗ ಐಡ್ಲಿಂಗ್ ಒಂಚೂರು ಏರಲು ನೋಡುತ್ತದೆ, ವಾಲ್ವ್ ಅಷ್ಟು ಮುಚ್ಚಿಕೊಳ್ಳುತ್ತದೆ. ವಾಲ್ವಿಗೆ ಇಳಿಯಲು ಜಾಗ ಬಿಟ್ಟಿದ್ದು ಇದಕ್ಕೂ ಬೇಕು.

ಕಿಡಿಯ ತಿದ್ದುಪಡಿ

ಬುನಾದಿ ಗಟ್ಟಿಯಾದ ಮೇಲೆ ಮೊದಲು ಆನ್ ಮಾಡುವುದು ಕಿಡಿಯನ್ನು. ಹೆಚ್ಚಿನ ಇಸಿಯುಗಳಲ್ಲಿ ಇದಕ್ಕೊಂದು ಪುಟ್ಟ ಕೋಷ್ಟಕ ಇರುತ್ತದೆ. ಬೇಕಾದ ವೇಗಕ್ಕಿಂತ 100 ಕಡಿಮೆ ಇದ್ದರೆ 3 ಡಿಗ್ರಿ ಸೇರಿಸು, 200 ಕಡಿಮೆ ಇದ್ದರೆ 6 ಸೇರಿಸು, 100 ಜಾಸ್ತಿ ಇದ್ದರೆ 3 ಕಳೆ. ಮೊದಲಿಗೆ ಇಷ್ಟರಿಂದ ಶುರು ಮಾಡಿ, ಎಂಜಿನ್ ನೋಡಿ ಬದಲಿಸಬಹುದು. ತಿದ್ದುಪಡಿ ತೀರಾ ಜೋರಾದರೆ ಸ್ಟೇರಿಂಗಿಗೆ ನಡುಕ ಬರುತ್ತದೆ.

ಮುಖ್ಯ ಟೈಮಿಂಗ್ ಕೋಷ್ಟಕವನ್ನೂ ಒಮ್ಮೆ ನೋಡಿ. ಅಲ್ಲಿ 600ಕ್ಕೆ 8 ಡಿಗ್ರಿ, 1200ಕ್ಕೆ 20 ಡಿಗ್ರಿ ಎಂದು ಬರೆದಿದ್ದರೆ ಗ್ರಹಚಾರ. ವೇಗ ಏರಿದರೆ ಟೈಮಿಂಗ್ ಏರುತ್ತದೆ, ಅದರಿಂದ ವೇಗ ಇನ್ನೂ ಏರುತ್ತದೆ. ಇಳಿದರೆ ಇಳಿಯುತ್ತಲೇ ಹೋಗುತ್ತದೆ. ಆ ಭಾಗವನ್ನು ಸಮತಟ್ಟು ಮಾಡಿದರೆ ಎಷ್ಟೋ ಎಂಜಿನ್‌ಗಳ ಏರಿಳಿತ ಅಲ್ಲಿಗೇ ನಿಲ್ಲುತ್ತದೆ.

ವಾಲ್ವಿಗೆ ಬುದ್ಧಿ ಕಲಿಸುವುದು

ಈಗ ಗಾಳಿ. ಟೆಂಪರೇಚರ್‌ಗೆ ತಕ್ಕಂತೆ ವಾಲ್ವ್ ಎಷ್ಟು ತೆರೆದಿರಬೇಕು ಎಂಬ ಕೋಷ್ಟಕ ಮೊದಲು. ಇದು ಅಂದಾಜಿನ ಜಾಗ. ಅದರ ಮೇಲೆ ಸಣ್ಣ ತಿದ್ದುಪಡಿಗೆ ಪಿಐಡಿ ಎಂಬ ಲೆಕ್ಕ. ಹೆಸರಿಗೆ ಹೆದರಬೇಕಿಲ್ಲ. ಪಿ ಈಗ ಎಷ್ಟು ತಪ್ಪಿದೆ ಎಂದು ನೋಡುತ್ತದೆ. ಐ ತಪ್ಪು ಎಷ್ಟು ಹೊತ್ತಿನಿಂದ ಉಳಿದಿದೆ ಎಂದು ಕೂಡಿಡುತ್ತದೆ. ಡಿ ತಪ್ಪು ಎಷ್ಟು ಬೇಗ ಬದಲಾಗುತ್ತಿದೆ ಎಂದು ನೋಡುತ್ತದೆ. ಡಿಯನ್ನು ಸೊನ್ನೆಯಲ್ಲೇ ಬಿಡಿ. ಪಿ ಸಣ್ಣದಾಗಿ ಕೊಡಿ, ಏರಿಳಿತ ಶುರುವಾಗುವ ತನಕ ಏರಿಸಿ, ಅಲ್ಲಿಂದ ಅರ್ಧಕ್ಕೆ ಇಳಿಸಿ. ಆಮೇಲೆ ಐ ಸ್ವಲ್ಪ ಸ್ವಲ್ಪ ಸೇರಿಸಿ. ಗಾಳಿ ತಡವಾಗಿ ಕೆಲಸ ಮಾಡುತ್ತದೆ ಅಂದೆವಲ್ಲ, ಹಾಗಾಗಿ ಇಲ್ಲಿ ಅವಸರ ಮಾಡಿದಷ್ಟೂ ಏರಿಳಿತ.

ಸಿಗ್ನಲ್‌ನಲ್ಲಿ ಬಂದ್ ಬೀಳುವುದರ ಮೂಲ ಸಾಮಾನ್ಯವಾಗಿ ಇದೇ ಐ. ಕಾಲು ತೆಗೆದು ಗೇರಿನಲ್ಲೇ ಇಳಿದುಬರುತ್ತಿದ್ದೀರಿ. ಎಂಜಿನ್ 1500ರಲ್ಲಿದೆ, ಯಾಕೆಂದರೆ ಚಕ್ರ ಅದನ್ನು ತಿರುಗಿಸುತ್ತಿದೆ. ಇಸಿಯುಗೆ ಅದು ತಿಳಿಯದು. ಥ್ರಾಟಲ್ ಮುಚ್ಚಿದೆ, ವೇಗ ಜಾಸ್ತಿ ಇದೆ, ಇಳಿಸೋಣ ಎಂದು ವಾಲ್ವ್ ಮುಚ್ಚುತ್ತದೆ. ಇಳಿಯಲಿಲ್ಲ, ಇನ್ನೂ ಮುಚ್ಚುತ್ತದೆ. ಐ ಕೂಡಿಡುತ್ತಲೇ ಹೋಗುತ್ತದೆ. ಈಗ ನೀವು ಕ್ಲಚ್ ಒತ್ತುತ್ತೀರಿ. ಚಕ್ರದ ಆಸರೆ ತಪ್ಪಿತು, ವಾಲ್ವ್ ಪೂರ್ತಿ ಮುಚ್ಚಿದೆ, ಗಾಳಿ ಇಲ್ಲ. ಅರಬೈಲ್ ಘಾಟಿನಂಥ ಉದ್ದ ಇಳಿಜಾರು ಇಳಿದು ಕೆಳಗೆ ನಿಲ್ಲಿಸುವಾಗ ಇದು ಇನ್ನೂ ಜೋರಾಗಿ ಕಾಣುತ್ತದೆ.

ಪರಿಹಾರ ಮೂರು ಕಡೆ ಇದೆ. ವೇಗ ಬೇಕಾದ ಮಟ್ಟದ ಹತ್ತಿರ, 200-300ರ ಒಳಗೆ ಬಂದ ಮೇಲೆ ಮಾತ್ರ ಪಿಐಡಿ ಶುರುವಾಗುವಂತೆ ಮಾಡಬೇಕು. ಗಾಡಿ ಓಡುತ್ತಿದೆ ಎಂದು ತಿಳಿಸುವ ಸ್ಪೀಡ್ ಸೆನ್ಸರ್ ಜೋಡಿಸಿದರೆ ಇನ್ನೂ ಒಳ್ಳೆಯದು. ಕಾಲು ತೆಗೆದ ಕೂಡಲೇ ವಾಲ್ವ್ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ತೆರೆದಿದ್ದು, ಒಂದೆರಡು ಸೆಕೆಂಡಿನಲ್ಲಿ ನಿಧಾನವಾಗಿ ತನ್ನ ಜಾಗಕ್ಕೆ ಬರಬೇಕು. ಮತ್ತೆ, ಇಳಿಜಾರಿನಲ್ಲಿ ಪೆಟ್ರೋಲ್ ಕಟ್ ಮಾಡುವ ಸೌಲಭ್ಯ ಇದ್ದರೆ 1500ರ ಆಸುಪಾಸಿನಲ್ಲೇ ಪೆಟ್ರೋಲ್ ವಾಪಸ್ ಬರುವಂತೆ ಇಡಬೇಕು. 1000ಕ್ಕೆ ಇಟ್ಟರೆ ಹಿಡಿದುಕೊಳ್ಳುವ ಹೊತ್ತಿಗೆ ಎಂಜಿನ್ ಸತ್ತಿರುತ್ತದೆ.

ಎಸಿ ಹಾಕಿದಾಗ

ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಎಸಿ ಇಲ್ಲದೆ ಆಗದು, ಕಂಪ್ರೆಸರ್ ಮಾತ್ರ ಐಡ್ಲಿಂಗಿಗೆ ದೊಡ್ಡ ಹೊರೆ. ವೇಗ ಬಿದ್ದ ಮೇಲೆ ತಿದ್ದುವ ಬದಲು ಬೀಳುವ ಮುಂಚೆಯೇ ಗಾಳಿ ಕೊಡುವುದು ಜಾಣತನ. ಅದಕ್ಕೆ ಎಸಿ ಸ್ವಿಚ್ಚಿನ ವೈರು ಇಸಿಯುಗೆ ಬರಬೇಕು, ಕಂಪ್ರೆಸರ್ ರಿಲೇಯನ್ನು ಇಸಿಯುನೇ ಒತ್ತಬೇಕು. ಸ್ವಿಚ್ ಹಾಕಿದ ಕೂಡಲೇ ಮೊದಲು ವಾಲ್ವ್ ತೆರೆಯುತ್ತದೆ, ಕಾಲು ಅಥವಾ ಅರ್ಧ ಸೆಕೆಂಡು ಬಿಟ್ಟು ಕಂಪ್ರೆಸರ್ ಹಿಡಿಯುತ್ತದೆ. ಬೇಕಾದ ವೇಗವನ್ನೂ 100ರಷ್ಟು ಏರಿಸಬಹುದು. ರೇಡಿಯೇಟರ್ ಫ್ಯಾನಿಗೂ ಇದೇ ಉಪಾಯ. ವೈರಿಂಗ್ ಮಾಡುವಾಗಲೇ ಇದನ್ನು ಹೇಳಿ, ಆಮೇಲೆ ಡ್ಯಾಶ್‌ಬೋರ್ಡ್ ಬಿಚ್ಚುವುದು ಯಾರಿಗೂ ಇಷ್ಟ ಇರುವುದಿಲ್ಲ.

ಏರಿಳಿತ ನಿಲ್ಲದಿದ್ದರೆ

ಕಿವಿಯಲ್ಲಿ ಕೇಳಿ ಹುಡುಕುವುದು ಕಷ್ಟ, ಲಾಗ್ ಮಾಡಿ, ಅಂದರೆ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ದಾಖಲಿಸಿ. ವೇಗ, ಮ್ಯಾನಿಫೋಲ್ಡ್ ಒತ್ತಡ, ಲ್ಯಾಂಬ್ಡಾ, ಟೈಮಿಂಗ್, ವಾಲ್ವಿನ ಜಾಗ, ಐದನ್ನೂ ಒಂದೇ ಗ್ರಾಫಿನಲ್ಲಿ ನೋಡಿ. ಯಾವ ಗೆರೆ ಮೊದಲು ಅಲ್ಲಾಡುತ್ತದೆ ಅನ್ನುವುದೇ ಪ್ರಶ್ನೆ. ವಾಲ್ವ್ ಮೊದಲು ಸರಿದು ವೇಗ ಹಿಂಬಾಲಿಸಿದರೆ ಪಿಐಡಿ ಜೋರಾಗಿದೆ. ವಾಲ್ವನ್ನು ಒಂದು ಕಡೆ ಕಟ್ಟಿಹಾಕಿದರೂ ಏರಿಳಿತ ಉಳಿದರೆ ತಪ್ಪು ಪೆಟ್ರೋಲಿನಲ್ಲಿದೆ ಇಲ್ಲವೇ ಟೈಮಿಂಗಿನಲ್ಲಿದೆ. ಲ್ಯಾಂಬ್ಡಾ ಎರಡು ಮೂರು ಸೆಕೆಂಡಿಗೊಮ್ಮೆ ತೂಗುತ್ತಿದ್ದರೆ ಆಕ್ಸಿಜನ್ ಸೆನ್ಸರಿನ ತಿದ್ದುಪಡಿ ಅತಿಯಾಗಿದೆ. ಹೊಗೆ ಸೆನ್ಸರ್ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ, ಐಡ್ಲಿಂಗಿನಲ್ಲಿ ಆ ತಡ ಇನ್ನೂ ಜಾಸ್ತಿ. ಸ್ಕ್ರೀನಿನಲ್ಲಿ ಎಲ್ಲವೂ ಶಾಂತವಾಗಿದ್ದು ಎಂಜಿನ್ ಮಾತ್ರ ಕುಲುಕುತ್ತಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ಪ್ಲಗ್ಗು, ಕಾಯಿಲ್ಲು, ಇಂಜೆಕ್ಟರ್ ನೋಡಿ.

ತಣ್ಣನೆಯ ಸ್ಟಾರ್ಟ್ ಮತ್ತು ಹೊಗೆ ತಪಾಸಣೆ

ಬಿಸಿ ಎಂಜಿನ್ನಿನ ಐಡ್ಲಿಂಗ್ ಒಂದು ಮಧ್ಯಾಹ್ನದಲ್ಲಿ ಕೂರಬಹುದು. ತಣ್ಣಗಿನದು ಹಾಗಲ್ಲ, ಯಾಕೆಂದರೆ ಎಂಜಿನ್ ಪೂರ್ತಿ ತಣ್ಣಗಾಗುವುದು ರಾತ್ರಿ ಕಳೆದ ಮೇಲೆ. ದಿನಕ್ಕೆ ಒಂದೇ ಅವಕಾಶ. ಧಾರವಾಡದ ಡಿಸೆಂಬರ್ ಬೆಳಗಿಗೆ 1200ರಿಂದ ಶುರುಮಾಡಿ ಬಿಸಿಯಾದಂತೆ 850ಕ್ಕೆ ಇಳಿಯುವ ಕೋಷ್ಟಕ ಬೇಕು, ಜತೆಗೆ ಸ್ಟಾರ್ಟ್ ಆಗುವ ಹೊತ್ತಿಗೆ ಒಂದಿಷ್ಟು ಹೆಚ್ಚಿನ ಗಾಳಿ, ಹೆಚ್ಚಿನ ಪೆಟ್ರೋಲ್. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಜಾಸ್ತಿ ಬಿಸಿ ಬೇಡುತ್ತದೆ, ಹಾಗಾಗಿ ಇ20ಯಲ್ಲಿ ತಣ್ಣನೆಯ ಅಂಕಿಗಳು ಹಳೆಯ ಮ್ಯಾಪಿಗಿಂತ ಮೇಲೇ ಇರುತ್ತವೆ. ಗ್ಯಾರೇಜಿನವರು ಮೂರ್ನಾಲ್ಕು ದಿನ ಗಾಡಿ ಬಿಟ್ಟು ಹೋಗಿ ಅಂದರೆ ಅದರಲ್ಲಿ ನ್ಯಾಯ ಇದೆ.

ಐಡ್ಲಿಂಗ್ ಸುಲಭವಾಗಿ ನಿಲ್ಲಲಿ ಎಂದು ಪೆಟ್ರೋಲ್ ಜಾಸ್ತಿ ಇಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಬಿಎಸ್-4 (ಭಾರತ್ ಸ್ಟೇಜ್ ಹೊಗೆ ನಿಯಮದ ನಾಲ್ಕನೇ ಹಂತ) ಮತ್ತು ಆಮೇಲಿನ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. 2500 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದಾಗ ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ಬಿಎಸ್-2, ಬಿಎಸ್-3 ಕಾರಿಗೆ ಮಿತಿ ಶೇ 0.5 ಮತ್ತು 750 ಪಿಪಿಎಂ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಬಿಸಿ ಐಡ್ಲಿಂಗಿನ ಲ್ಯಾಂಬ್ಡಾವನ್ನು 1ರ ಹತ್ತಿರಕ್ಕೇ ತಂದು ನಿಲ್ಲಿಸಬೇಕಾಗುತ್ತದೆ, ಏಕೆಂದರೆ ಅದು ಚೆನ್ನಾಗಿ ಕೆಲಸ ಮಾಡುವುದು ಅಲ್ಲಿ ಮಾತ್ರ. ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ. ಇಸಿಯು ಜತೆಗೆ ಎಂಜಿನ್ನನ್ನೇ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಗಾಡಿ ವಾಪಸ್ ತರುವಾಗ ಮ್ಯಾಪ್ ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಬಿಸಿ ಐಡ್ಲಿಂಗಿನಲ್ಲಿ ವಾಲ್ವ್ ಎಷ್ಟರಲ್ಲಿ ನಿಲ್ಲುತ್ತದೆ ಎಂಬ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಅದು 35ರಿಂದ 50ಕ್ಕೆ ಏರಿದ್ದರೆ ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿದೆ, 20ಕ್ಕೆ ಇಳಿದಿದ್ದರೆ ಎಲ್ಲೋ ಪೈಪು ಒಡೆದು ಗಾಳಿ ಎಳೆಯುತ್ತಿದೆ.